ನಮ್ಮ ಗ್ಯಾರೇಜು, ಅಜ್ಜಿಯ ಬಾವಿ

ನಮ್ಮ ಗ್ಯಾರೇಜಿನ ಹಿಂಗೋಡೆಯ ಮೇಲೆ ಎರಡು ಬೋರ್ಡುಗಳಿದ್ದವು. ಒಂದು ದಂಡದ ಬೋರ್ಡು, ಇನ್ನೊಂದು ಧರ್ಮದ ಬೋರ್ಡು. ಚರಂಡಿಗೆ ಆಯಿಲ್ ಸುರಿದವರಿಗೆ 200 ರೂಪಾಯಿ ದಂಡ ಎಂದು ಮೊದಲನೆಯದರಲ್ಲಿ ಬರೆಸಿದ್ದೆವು. ಅದರಿಂದ ಏನೂ ಆಗುವುದಿಲ್ಲವೆಂದು ತಿಳಿದ ಮೇಲೆ, ಶುಚಿತ್ವದ ಬಗ್ಗೆ ಎಲ್ಲರ ಬಾಯಲ್ಲೂ ಇರುವ ಹದೀಸನ್ನು ಉರ್ದು ಮತ್ತು ಕನ್ನಡ ಎರಡರಲ್ಲೂ ಹಸಿರು ಬಣ್ಣದಲ್ಲಿ ಬರೆಸಿ ಪಕ್ಕದಲ್ಲೇ ತೂಗುಹಾಕಿದೆವು. ಒಂದು ತಿಂಗಳೊಳಗೆ ಆ ಬೋರ್ಡಿನ ಕೆಳಗಂಚಿನಲ್ಲಿ ಐದು ಬೆರಳುಗಳ ಕಪ್ಪು ಗುರುತು ಮೂಡಿತ್ತು. ಯಾರೋ ಟ್ರೇಯನ್ನು ಚರಂಡಿಗೆ ಬಗ್ಗಿಸುವಾಗ ಆಸರೆಗೆಂದು ಅದನ್ನೇ ಹಿಡಿದುಕೊಂಡಿದ್ದರು.

ನಾವು ಅಣ್ಣ-ತಮ್ಮ ಇಬ್ಬರು. ಗ್ಯಾರೇಜು ಅಬ್ಬಾ 1984ರಲ್ಲಿ ಶುರು ಮಾಡಿದ್ದು. ಮೊದಲು ಲಾರಿ ಕೆಲಸ ಮಾತ್ರ ಇತ್ತು, ಆಮೇಲೆ ಕಾರು ಬಂತು, ಬೈಕು ಬಂತು. ಅಬ್ಬಾ 2012ರಲ್ಲಿ ತೀರಿಕೊಂಡರು. ಅವರ ಜೊತೆ ಹುಡುಗನಾಗಿ ಸೇರಿದ್ದ ಹೆಡ್ ಮೆಕ್ಯಾನಿಕ್ಕು ಈಗಲೂ ಇದ್ದಾರೆ. ನಾವು ಅವರನ್ನು ಚಾಚಾ ಎನ್ನುತ್ತೇವೆ, ಅವರು ನಮ್ಮನ್ನು ಬೇಟಾ ಎನ್ನುತ್ತಾರೆ. ಸಂಬಳ ಕೊಡುವವರು ನಾವು, ಬೈಯುವವರು ಅವರು. ಅವರನ್ನೂ ಸೇರಿಸಿ ಏಳು ಜನ ಕೆಲಸದವರು. ಅದರಲ್ಲಿ ಮೂವರು ಮುಸ್ಲಿಮರಲ್ಲ. ಈ ಮಾತನ್ನು ಯಾಕೆ ಹೇಳಿದೆವೆಂದು ಮುಂದೆ ಗೊತ್ತಾಗುತ್ತದೆ.

ಗಾಡಿಯ ಎಂಜಿನ್ನಿಂದ ಇಳಿಸಿದ ಹಳೆ ಆಯಿಲನ್ನು ನೋಡದವರಿಲ್ಲ. ಬೈಕಿನಿಂದ ಒಂದು ಲೀಟರಿನ ಆಸುಪಾಸು ಇಳಿಯುತ್ತದೆ, ಕಾರಿನಿಂದ ಮೂರೂವರೆ ನಾಲ್ಕು ಲೀಟರು, ಲಾರಿಯಾದರೆ ಹದಿನೈದಕ್ಕೂ ಮಿಕ್ಕಿ. ಹೊಸದಾಗಿ ಹಾಕುವಾಗ ಜೇನಿನ ಬಣ್ಣದಲ್ಲಿದ್ದದ್ದು ಇಳಿಸುವಾಗ ಡಾಂಬರಿನಂತೆ ಇರುತ್ತದೆ. ಅದರಲ್ಲಿ ಮಸಿ ಇರುತ್ತದೆ, ಎಂಜಿನ್ ಸವೆದು ಬಂದ ಲೋಹದ ಪುಡಿ ಇರುತ್ತದೆ, ಸುಟ್ಟು ಹುಟ್ಟಿದ ವಿಷಗಳಿರುತ್ತವೆ. ಒಂದು ಗ್ಯಾಲನ್ ಹಳೆ ಆಯಿಲು ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇದನ್ನು ಕಂಡಕಂಡವರಿಗೆ ಮಾರುವಂತಿಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದ್ದವರಿಗೇ ಕೊಡಬೇಕು. 2024ರ ಏಪ್ರಿಲಿನಿಂದ ಆಯಿಲ್ ತಯಾರಿಸುವ ಕಂಪೆನಿಗಳಿಗೂ ಹಳೆ ಆಯಿಲಿನ ಹೊಣೆ ಬಂದಿದೆ. ಆದರೆ ಊರೊಳಗೆ ಕಪ್ಪು ಆಯಿಲಿಗೆ ಬೇರೆಯೇ ಗಿರಾಕಿಗಳು. ಸೆಂಟ್ರಿಂಗ್ ಹಲಗೆಗೆ ಬಳಿಯುವವರು, ಗೆದ್ದಲು ಹತ್ತದಿರಲೆಂದು ಬೇಲಿ ಕಂಬಕ್ಕೆ ಹಚ್ಚುವವರು, ಇಟ್ಟಿಗೆ ಭಟ್ಟಿಯಲ್ಲಿ ಉರಿಸುವವರು. ನಾವೂ ವರ್ಷಗಟ್ಟಲೆ ಅಂಥವರಿಗೇ ಮಾರುತ್ತಿದ್ದೆವು. ರಸೀದಿ ಇಲ್ಲ, ರಗಳೆ ಇಲ್ಲ.

2018ರ ಸುಮಾರಿಗೆ ಲೆಕ್ಕದ ಪುಸ್ತಕ ನೋಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ತಿಂಗಳಿಗೆ ಸುಮಾರು 600 ಲೀಟರ್ ಹೊಸ ಆಯಿಲ್ ಗಾಡಿಗಳಿಗೆ ಹಾಕುತ್ತಿದ್ದೆವು. ಹಳೆಯದಾಗಿ ಮಾರುತ್ತಿದ್ದುದು ಎರಡು ಬ್ಯಾರೆಲ್, ಅಂದರೆ 400 ಲೀಟರ್. ಎಂಜಿನ್ನಿನಲ್ಲಿ ಸುಟ್ಟದ್ದು, ಫಿಲ್ಟರಿಗೆ ಅಂಟಿದ್ದು, ಬನಿಯನ್ ಬಟ್ಟೆಗೆ ಹತ್ತಿದ್ದು ಎಲ್ಲ ಕಳೆದರೂ ತಿಂಗಳಿಗೆ ನೂರಕ್ಕಿಂತ ಹೆಚ್ಚು ಲೀಟರ್ ಎಲ್ಲಿಗೋ ಹೋಗುತ್ತಿತ್ತು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಹಿಂಭಾಗದ ಚರಂಡಿಯ ಕಲ್ಲುಗಳೇ ಹೇಳುತ್ತಿದ್ದವು. ಸತ್ಯ ಹೇಳಬೇಕೆಂದರೆ ಆಗ ನಮ್ಮ ಹೊಟ್ಟೆ ಉರಿದದ್ದು ಚರಂಡಿಗಾಗಿ ಅಲ್ಲ, ಮಾರಬಹುದಾಗಿದ್ದ ಆಯಿಲಿಗಾಗಿ. ಆಗ ಬಂದದ್ದೇ ದಂಡದ ಬೋರ್ಡು.

ದಂಡ ಹಾಕಿದ್ದು ಒಂದೇ ಸಲ. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಟ್ರೇ ಬಗ್ಗಿಸುವಾಗ ಸಿಕ್ಕಿಬಿದ್ದ. ಎಲ್ಲರನ್ನೂ ಕರೆದು, ಇಬ್ಬರು ಗಿರಾಕಿಗಳ ಎದುರಿಗೇ ಅವನಿಗೆ ಬೈದೆವು. ಅವನು ತಲೆ ತಗ್ಗಿಸಿ ನಿಂತಿದ್ದ. ಮರುದಿನದಿಂದ ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಐದನೆಯ ದಿನ ಬಂದ, ಚೆನ್ನಾಗಿಯೇ ಕೆಲಸ ಮಾಡಿದ. ಆಯಿಲ್ ಚರಂಡಿಗೆ ಹೋಗುವುದು ನಿಂತಿತೆಂದು ನಾವು ಬೀಗಿದೆವು. ನಿಂತಿರಲಿಲ್ಲ. ಹಗಲು ಹೋಗುತ್ತಿದ್ದದ್ದು ನಾವು ಮನೆಗೆ ಹೋದ ಮೇಲೆ ಹೋಗುತ್ತಿತ್ತು, ಅಷ್ಟೇ.

ಅದೇ ಹುಡುಗನನ್ನು ಮುಂದೊಂದು ದಿನ ಸಮಾಧಾನದಿಂದ ಕೇಳಿದೆವು, ಆ ಹಸಿರು ಬೋರ್ಡನ್ನು ನೀನು ಓದಿಯೇ ಇರಲಿಲ್ಲವೇನೋ ಎಂದು. ‘ಓದಿದ್ದೆ ಅಣ್ಣ. ಅದು ನಿಮ್ಮವರಿಗೆ ಬರೆಸಿದ್ದು ಅಂದ್ಕೊಂಡಿದ್ದೆ’ ಎಂದ. ಅವನು ಮುಸ್ಲಿಮನಲ್ಲ. ನಮ್ಮವರಾದರೂ ಏನು ಮಾಡಿದ್ದರು? ಬೋರ್ಡಿನ ಮೇಲಿನ ಬೆರಳುಗುರುತು ಯಾರದೆಂದು ನಮಗೆ ಇಂದಿಗೂ ಗೊತ್ತಿಲ್ಲ. ಆದರೆ ಅದು ಅವನದಲ್ಲ, ಅವನ ಕೈ ಚಿಕ್ಕದು.

ಪರಿಸರದ ಬಗ್ಗೆ ನಮ್ಮ ಜನ ಮಾತಾಡುವುದಿಲ್ಲ ಎಂದೇನಿಲ್ಲ. 2015ರ ಆಗಸ್ಟಿನಲ್ಲಿ ಇಸ್ತಾಂಬುಲ್‌ನಲ್ಲಿ ವಿದ್ವಾಂಸರು ಸೇರಿ ಹವಾಮಾನ ಬದಲಾವಣೆಯ ಕುರಿತು ಇಸ್ಲಾಮೀ ಘೋಷಣೆಯೊಂದನ್ನು ಹೊರಡಿಸಿದರು. 2024ರಲ್ಲಿ ನೈರೋಬಿಯ ವಿಶ್ವಸಂಸ್ಥೆ ಪರಿಸರ ಸಭೆಯ ಹೊತ್ತಿಗೆ ‘ಅಲ್ ಮೀಝಾನ್’ ಎಂಬ ದೊಡ್ಡ ದಸ್ತಾವೇಜು ಬಂತು. ಭೂಮಿಯಲ್ಲಿ ಮನುಷ್ಯ ಖಲೀಫಾ, ಅಂದರೆ ಹೊಣೆ ಹೊತ್ತ ಪ್ರತಿನಿಧಿ. ಸೃಷ್ಟಿಯಲ್ಲಿ ಒಂದು ತಕ್ಕಡಿ ಇದೆ, ಅದನ್ನು ವಾಲಿಸಬಾರದು. ಕುರ್‌ಆನಿನ ಈ ಮಾತುಗಳು ನಮಗೆ ಹೊಸವಲ್ಲ. ನಮ್ಮ ಮಸೀದಿಯಲ್ಲೂ ಪ್ರತಿ ಜೂನ್ ತಿಂಗಳ ಒಂದು ಜುಮಾದಲ್ಲಿ ಗಿಡ ನೆಡುವುದರ ಪುಣ್ಯದ ಬಗ್ಗೆ ಖುತ್ಬಾ ಆಗುತ್ತದೆ. ಕಿಯಾಮತ್ ಬಂದುಬಿಟ್ಟರೂ ಕೈಯಲ್ಲಿರುವ ಸಸಿಯನ್ನು ನೆಡಿ ಎಂಬ ಅರ್ಥದ ಹದೀಸು ಕೇಳಿ ಎಲ್ಲರ ಮನಸ್ಸೂ ತುಂಬಿ ಬರುತ್ತದೆ. ಗಿಡಗಳ ಬಗ್ಗೆ ಅಳುವುದು ಸುಲಭ. ಗಿಡ ನಮ್ಮ ಕೈಯಲ್ಲಿರುವುದಿಲ್ಲ, ಟ್ರೇ ಇರುತ್ತದೆ.

ನೀರಿನ ವಿಷಯವಂತೂ ಇನ್ನೂ ವಿಚಿತ್ರ. ನಮ್ಮ ಕಸುಬಿನವರಿಗೆ ವುಝೂ ಎಂದರೆ ಅರ್ಧ ಗಂಟೆಯ ಕೆಲಸ. ಚರ್ಮಕ್ಕೆ ನೀರು ತಾಗದಂತೆ ಪದರವಾಗಿ ಕೂತಿರುವುದನ್ನೆಲ್ಲ ತೆಗೆಯಬೇಕು. ಉಗುರಿನ ಸಂದಿಯ ಗ್ರೀಸು ಹಾಗೆಲ್ಲ ಬಿಡುವುದಿಲ್ಲ. ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್, ಆಮೇಲೆ ಸೋಪಿನ ಪುಡಿ, ಆಮೇಲೆ ತೆಂಗಿನ ನಾರು. ಶುಕ್ರವಾರ ಮಧ್ಯಾಹ್ನ ನಮ್ಮ ಗ್ಯಾರೇಜಿಗೆ ಬಂದರೆ ನಾಲ್ಕು ಜನ ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಕೈ ಉಜ್ಜುವುದನ್ನು ನೋಡಬಹುದು. ನಲ್ಲಿ ಮಾತ್ರ ಅಷ್ಟು ಹೊತ್ತೂ ಸುರಿಯುತ್ತಿರುತ್ತಿತ್ತು. ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಉಗುರಿನೊಳಗೆ ಸಾಸಿವೆಯಷ್ಟು ಗ್ರೀಸು ಉಳಿದರೆ ನಮಾಝ್ ಕೂಡುತ್ತದೋ ಇಲ್ಲವೋ ಎಂದು ಹೆದರುವ ಅದೇ ಕೈ, ಬೆಳಿಗ್ಗೆ ಮೂರು ಲೀಟರ್ ಆಯಿಲನ್ನು ಮಣ್ಣಿಗೆ ಕುಡಿಸಿರುತ್ತಿತ್ತು. ಆ ಕೈಗೆ ಅದು ಪಾಪವೆಂದು ಅನಿಸುತ್ತಲೇ ಇರಲಿಲ್ಲ. ನಮಗೂ ಅನಿಸಿರಲಿಲ್ಲ.

2019ರ ಮಳೆಗಾಲ. ಆಗಸ್ಟ್ ತಿಂಗಳಲ್ಲಿ ಆ ವರ್ಷ ಎಂಥ ಮಳೆ ಬಂತೆಂದು ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ಹಿಂದಿನ ಮನೆಯ ಅಜ್ಜಿ ಗ್ಯಾರೇಜಿಗೆ ಬಂದರು. ಸೊಂಟದಲ್ಲಿ ಸ್ಟೀಲಿನ ಕೊಡ. ಅವರ ಮನೆಗೂ ನಮ್ಮ ಗ್ಯಾರೇಜಿಗೂ ನಡುವೆ ಇರುವುದು ಆ ಚರಂಡಿ ಮತ್ತು ಒಂದು ಮೋಟು ಗೋಡೆ. ಗೋಡೆಯಾಚೆ ಅವರ ಬಾವಿ. ಈ ಓಣಿಗೆ ಪುರಸಭೆಯ ನಲ್ಲಿ ಬರುವ ಮೊದಲು ಅಬ್ಬಾ, ಚಾಚಾ, ಗ್ಯಾರೇಜಿಗೆ ಬಂದ ಲಾರಿ ಡ್ರೈವರುಗಳು ಎಲ್ಲರೂ ಕುಡಿದದ್ದು ಆ ಬಾವಿಯ ನೀರನ್ನೇ. ರಮಝಾನಿನಲ್ಲಿ ಇಫ್ತಾರಿನ ಹೊತ್ತಿಗೆ ಅಜ್ಜಿಯ ಗಂಡ ಗೋಡೆಯ ಮೇಲಿಂದ ಕೊಡ ದಾಟಿಸುತ್ತಿದ್ದದ್ದು ನಾವು ಕಣ್ಣಾರೆ ಕಂಡದ್ದು.

ಅಜ್ಜಿ ಜಗಳಕ್ಕೆ ಬಂದಿರಲಿಲ್ಲ. ಕೊಡವನ್ನು ಚಾಚಾ ಕೆಲಸ ಮಾಡುತ್ತಿದ್ದ ಬೆಂಚಿನ ಮೇಲೆ, ಪಾನಾಗಳ ನಡುವೆ ಇಟ್ಟರು. ‘ನೋಡಪ್ಪಾ, ಇದನ್ನ ಒಲೆ ಮೇಲೆ ಇಡ್ಲೋ, ದೀಪಕ್ಕೆ ಹಾಕ್ಲೋ? ನೀನೇ ಹೇಳು’ ಎಂದರು. ಅಷ್ಟೇ ಹೇಳಿ ಹೋದರು. ಕೊಡದ ಬಾಯಲ್ಲಿ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ನಿಧಾನವಾಗಿ ತಿರುಗುತ್ತಿದ್ದವು. ಏಳೂ ಜನ ಬಂದು ನೋಡಿದರು. ದಂಡ ತೆತ್ತ ಹುಡುಗನೂ ನೋಡಿದ.

ಚಾಚಾ ಏನೂ ಮಾತಾಡಲಿಲ್ಲ. ಮಧ್ಯಾಹ್ನ ಊಟ ಮಾಡಲಿಲ್ಲ. ಅಸರ್ ಹೊತ್ತಿಗೆ ಎಂದಿನಂತೆ ಕೈ ಉಜ್ಜಲು ಕೂತವರು, ನಲ್ಲಿ ತಿರುಗಿಸಿ, ಮತ್ತೆ ನಿಲ್ಲಿಸಿ, ಕೈಗಳನ್ನೇ ನೋಡುತ್ತ ಕೂತುಬಿಟ್ಟರು. ಸಂಜೆ ನಮ್ಮ ಕೋಣೆಗೆ ಬಂದು ಒಂದೇ ಮಾತು ಕೇಳಿದರು: ‘ಬೇಟಾ, ಬ್ಯಾರೆಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ?’

ಈ ಪ್ರಶ್ನೆಯ ಅರ್ಥ ಓದುಗರಿಗೆ ಆಗಬೇಕಾದರೆ ಒಂದು ಗುಟ್ಟು ಹೇಳಬೇಕು. ಹಳೆ ಆಯಿಲಿಗೆ ದುಡ್ಡು ಬರುತ್ತದಲ್ಲ, ಯಾರಾದರೂ ಕದ್ದಾರೆಂದು ಬ್ಯಾರೆಲನ್ನು ನಾವು ಮುಂದಿನ ಕೋಣೆಯಲ್ಲಿ ಬೀಗ ಹಾಕಿ ಇಡುತ್ತಿದ್ದೆವು. ಬೀಗದ ಕೈ ನಮ್ಮ ಜೇಬಿನಲ್ಲಿ. ಗಾಡಿಯ ಕೆಳಗಿಂದ ತುಂಬಿದ ಟ್ರೇ ಎಳೆದುಕೊಂಡ ಹುಡುಗ ನಮ್ಮನ್ನು ಹುಡುಕಬೇಕು, ಕೈ ಕೇಳಬೇಕು, ಬೀಗ ತೆಗೆಯಬೇಕು, ಸುರಿಯಬೇಕು, ಮತ್ತೆ ಕೈ ತಂದುಕೊಡಬೇಕು. ಅತ್ತ ಗಿರಾಕಿ ಹಾರನ್ ಹೊಡೆಯುತ್ತಿರುತ್ತಾನೆ. ಚರಂಡಿ ಮಾತ್ರ ಮೂರು ಹೆಜ್ಜೆ. ಇನ್ನೊಂದು, ನೀರೋ ಕೂಲೆಂಟೋ ಬೆರೆತ ಆಯಿಲನ್ನು ಬ್ಯಾರೆಲಿಗೆ ಹಾಕಬೇಡಿ, ಕೊಳ್ಳುವವನು ತಕರಾರು ಮಾಡುತ್ತಾನೆ ಎಂದು ನಾವೇ ಕಟ್ಟುನಿಟ್ಟಾಗಿ ಹೇಳಿದ್ದೆವು. ಅದನ್ನು ಎಲ್ಲಿಗೆ ಹಾಕಬೇಕೆಂದು ಹೇಳಿರಲಿಲ್ಲ. ಪಾರ್ಟುಗಳನ್ನು ತೊಳೆದ ಸೀಮೆಎಣ್ಣೆಯ ಕಥೆಯೂ ಅದೇ. ಅಂದಮೇಲೆ ಆ ಎರಡು ಬೋರ್ಡುಗಳನ್ನು ಬರೆಸಿದವರು ನಾವೇ, ಅವುಗಳನ್ನು ಸುಳ್ಳು ಮಾಡಿದವರೂ ನಾವೇ. ಕೆಲಸಗಾರರಿಗೆ ಧರ್ಮ ಹೇಳುವ ಮಾಲೀಕರು ಮೊದಲು ತಮ್ಮ ಜೇಬಿನಲ್ಲಿರುವ ಬೀಗದ ಕೈಗಳನ್ನು ಎಣಿಸಿ ನೋಡಿಕೊಳ್ಳಬೇಕು. ಇದನ್ನು ಕಹಿಯಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇವೆ.

ಚಾಚಾ ಅಂದು ಇನ್ನೊಂದು ಮಾತನ್ನೂ ಹೇಳಿದರು. ‘ಆ ಹುಡುಗನನ್ನು ಗಿರಾಕಿಗಳ ಮುಂದೆ ನಿಲ್ಲಿಸಿದಿರಲ್ಲ, ನಿಮ್ಮ ಅಬ್ಬಾ ಹಾಗೆ ಎಂದೂ ಮಾಡಿದವರಲ್ಲ. ಮಾನ ಕಳೆದರೆ ಕದ್ದು ಮಾಡುತ್ತಾರೆ. ಇವತ್ತು ನನ್ನ ಮಾನ ಯಾರೂ ಕಳೆಯಲಿಲ್ಲ. ನನಗೇ ನಾಚಿಕೆಯಾಯಿತು. ಅದು ಬೇರೆ, ಇದು ಬೇರೆ.’

ಆ ವ್ಯತ್ಯಾಸಕ್ಕೆ ನಮ್ಮ ಪರಂಪರೆಯಲ್ಲಿ ಒಂದು ಪದವಿದೆ, ಹಯಾ. ಅದು ಈಮಾನಿನ ಒಂದು ಭಾಗ ಎಂದು ಹದೀಸಿನಲ್ಲಿ ಬಂದಿದೆ. ಅದನ್ನು ನಾವು ಹೆಣ್ಣುಮಕ್ಕಳ ಸೆರಗಿಗೆ, ದುಪಟ್ಟಾಕ್ಕೆ ಕಟ್ಟಿಹಾಕಿ ಕೂತಿದ್ದೇವೆ. ಯಾರೂ ನೋಡದಿದ್ದಾಗಲೂ ಕೈ ಹಿಂದೆಗೆಯುವಂತೆ ಮಾಡುವ ನಾಚಿಕೆ ಅದು ಎಂದು, ಆಯಿಲ್ ಟ್ರೇ ಹಿಡಿದ ಗಂಡಸಿಗೂ ಅದು ಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಥವಾ ಹೇಳಿಕೊಟ್ಟಿದ್ದರೂ ನಮ್ಮ ತಲೆಗೆ ಹೋಗಿರಲಿಲ್ಲ.

ಮುಂದಿನ ಜುಮಾಕ್ಕೆ ಮುಂಚೆ ನಾವು ಖತೀಬರನ್ನು ಕಂಡು ಎಲ್ಲ ಹೇಳಿದೆವು. ಅವರು ವಯಸ್ಸಿನಲ್ಲಿ ನಮಗಿಂತ ಕಿರಿಯರು, ಓದಿಕೊಂಡವರು. ನಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ‘ಬಾವಿ ನಿಮ್ಮ ಗೋಡೆಯಿಂದ ಎಷ್ಟು ದೂರ?’ ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಆಗ ಅವರು ಹರೀಮ್ ಎಂಬುದನ್ನು ವಿವರಿಸಿದರು. ಇಸ್ಲಾಮೀ ಕಾನೂನಿನಲ್ಲಿ ಪ್ರತಿ ಬಾವಿಗೂ ಸುತ್ತ ಒಂದು ರಕ್ಷಣೆಯ ವಲಯವಿದೆ. ಬಾವಿ ತೋಡಿದವನಿಗೆ ಅದರ ಸುತ್ತ ನಲವತ್ತು ಮೊಳ ಜಾಗ, ಅವನ ಜಾನುವಾರುಗಳು ತಂಗಲಿಕ್ಕೆ ಎಂಬ ಹದೀಸು ಇಬ್ನು ಮಾಜದಲ್ಲಿದೆ. ಆ ವಲಯದೊಳಗೆ ಬಂದು ಇನ್ನೊಬ್ಬ ಬಾವಿ ತೋಡಿ ಮೊದಲಿನವನ ನೀರು ಬತ್ತಿಸುವಂತಿಲ್ಲ. ನೆರೆಯವನ ಬಾವಿ ಕೆಡುವಂತೆ ತನ್ನ ಜಾಗದಲ್ಲಿ ಕೊಳಕಿನ ಗುಂಡಿ ತೋಡುವ ಹಕ್ಕು ಒಬ್ಬನಿಗಿದೆಯೇ ಎಂಬುದರ ಮೇಲೆ ಫುಕಹಾಗಳು ಪುಟಗಟ್ಟಲೆ ಚರ್ಚಿಸಿದ್ದಾರೆ. ಮರುಭೂಮಿಯಲ್ಲಿ ಬಾವಿಯೊಂದು ಕೆಟ್ಟರೆ ಏನಾಗುತ್ತದೆಂದು ಬಲ್ಲ ಜನ ಅವರು.

ನಾವು ಟೇಪು ತೆಗೆದುಕೊಂಡು ಹೋಗಿ ಅಳೆದೆವು. ಆಯಿಲ್ ಸುರಿಯುವ ಜಾಗದಿಂದ ಬಾವಿಯ ಕಟ್ಟೆಗೆ 32 ಅಡಿ. ನಲವತ್ತು ಮೊಳವೆಂದರೆ ಸುಮಾರು 60 ಅಡಿ. ಅಂದರೆ ನಮ್ಮ ಗ್ಯಾರೇಜಿನ ಅರ್ಧ ಭಾಗ ಅಜ್ಜಿಯ ಬಾವಿಯ ಹರೀಮ್‌ನೊಳಗಿದೆ. ಪಹಣಿ ಪತ್ರದಲ್ಲಿ ಅದು ನಮ್ಮದೇ, ಯಾರೂ ಪ್ರಶ್ನಿಸುವಂತಿಲ್ಲ. ಟೇಪಿನ ಆ ತುದಿ ಹಿಡಿದಿದ್ದವನು ದಂಡ ತೆತ್ತ ಹುಡುಗ. ಇದೆಲ್ಲ ಏನೆಂದು ಅವನು ಕೇಳಿದ, ಹೇಳಿದೆವು. ‘ಇದು ನಮ್ಮಜ್ಜಿಗೂ ಅರ್ಥ ಆಗುತ್ತೆ ಅಣ್ಣ. ಬಾವಿ ಹತ್ರ ಚಪ್ಪಲಿ ಹಾಕ್ಕೊಂಡು ಹೋದ್ರೆ ಬೈತಿದ್ಲು’ ಎಂದ. ಬೋರ್ಡು ‘ನಿಮ್ಮವರಿಗೆ’ ಎಂದಿದ್ದವನು ಬಾವಿಯನ್ನು ಹಾಗೆನ್ನಲಿಲ್ಲ.

ಆ ಶುಕ್ರವಾರದ ಖುತ್ಬಾದಲ್ಲಿ ಗಿಡದ ಮಾತು ಬರಲಿಲ್ಲ. ಜನ ನೀರಿಗೆ ಬರುವ ಕಡೆ, ನಡೆಯುವ ದಾರಿಯಲ್ಲಿ, ನೆರಳಿನಲ್ಲಿ ಹೊಲಸು ಮಾಡುವುದು ಶಾಪಕ್ಕೆ ಗುರಿಯಾಗುವ ಕೆಲಸ ಎಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದರ ಬಗ್ಗೆ ಖತೀಬರು ಮಾತಾಡಿದರು. ನಮ್ಮ ಹೆಸರು ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಊರಿನ ಮೂರು ಗ್ಯಾರೇಜುಗಳವರು ಕೂತಿದ್ದರು.

ಬದಲಾದದ್ದನ್ನು ಚುಟುಕಾಗಿ ಹೇಳುತ್ತೇವೆ, ಅದರಲ್ಲಿ ದೊಡ್ಡದೇನೂ ಇಲ್ಲ. ಬ್ಯಾರೆಲು ಕೆಲಸದ ಜಾಗಕ್ಕೆ ಬಂತು, ಬೀಗ ಹೋಯಿತು. ಬೆರಕೆ ಆಯಿಲಿಗೆ, ತೊಳೆದ ಸೀಮೆಎಣ್ಣೆಗೆ ಬೇರೆ ಡ್ರಮ್ಮು ಬಂತು. ಹಳೆ ಫಿಲ್ಟರುಗಳನ್ನು ಒಂದು ರಾತ್ರಿ ಬೋರಲು ಹಾಕಿ ಸೋರಿಸಿದ ಮೇಲೆಯೇ ಆಚೆಗೆ. ಅನುಮತಿ ಇದ್ದವರ ಗಾಡಿ ಒಂದೆರಡು ಬ್ಯಾರೆಲಿಗಾಗಿ ನಮ್ಮಂಥ ಊರಿಗೆ ಬರುವುದಿಲ್ಲವಾದ್ದರಿಂದ ನಾಲ್ಕು ಗ್ಯಾರೇಜುಗಳವರು ಒಟ್ಟುಗೂಡಿಸಿ ಕೊಡುತ್ತೇವೆ. ಭಟ್ಟಿಯವರಿಗಿಂತ ಕಡಿಮೆ ದುಡ್ಡು. ಆ ದುಡ್ಡು ಈಗ ನಮಗಲ್ಲ, ಕೆಲಸದವರಿಗೆ. ಈದ್ ಮತ್ತು ದೀಪಾವಳಿಗೆ ಹಂಚಿಕೊಳ್ಳುತ್ತಾರೆ. ಹಾಗಾದರೆ ದುಡ್ಡಿನ ಆಸೆಗೇ ಅಲ್ಲವೇ ಎಂದು ಕೆಲವರು ಕೇಳಿದರು. ಇರಬಹುದು. ಆದರೆ ಬೆರಕೆ ಡ್ರಮ್ಮಿಗೆ ಚಿಕ್ಕಾಸೂ ಬರುವುದಿಲ್ಲ, ಅದೂ ತುಂಬುತ್ತಿದೆ.

ಮ್ಯಾನೇಜ್‌ಮೆಂಟ್ ಓದಿರುವ ನಮ್ಮ ಅಣ್ಣನ ಮಗಳು ಇದನ್ನೆಲ್ಲ ಕೇಳಿ, ನೀವು ಮಾಡಿದ್ದರ ಮೇಲೆ ಸಂಶೋಧನೆಗಳೇ ಇವೆ ಎಂದು ನಕ್ಕಳು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಪರಿಸರದ ಬಗ್ಗೆ ಕಾಳಜಿ ಇದ್ದವರೂ ಇಲ್ಲದವರೂ ಮನಸ್ಸು ಶಾಂತವಾಗಿದ್ದ ದಿನ ತಮ್ಮ ಕೆಲಸವನ್ನು ಪರಿಸರಕ್ಕೆ ಹಾನಿಯಾಗದಂತೆ ಮಾಡುವುದು ಹೆಚ್ಚಂತೆ. 2016ರ ಇನ್ನೊಂದರಲ್ಲಿ, ಸುತ್ತಲಿನವರೂ ಹಾಗೆಯೇ ನಡೆಯುತ್ತಿದ್ದಾರೆ ಎಂದು ಅನಿಸಿದಾಗ, ತಪ್ಪಿತಸ್ಥ ಭಾವಕ್ಕಿಂತ ಹೆಮ್ಮೆಯೇ ಒಳ್ಳೆಯ ನಡತೆಯನ್ನು ಮುಂದುವರಿಸುತ್ತದೆ ಎಂದು ಕಂಡಿದೆಯಂತೆ. ನಮಗೆ ಮೊದಲನೆಯದು ಹೆಚ್ಚು ನಾಟಿತು. ಹಾರನ್ ಹೊಡೆಯುವ ಗಿರಾಕಿ, ‘ಬೇಗ ಬೇಗ’ ಎನ್ನುವ ಮಾಲೀಕ, ಇವರ ನಡುವೆ ಯಾವ ಇಹ್ಸಾನ್? ಈಗ ಆಯಿಲ್ ಚೇಂಜಿಗೆ ಬಂದವರಿಗೆ ಹದಿನೈದು ನಿಮಿಷ ಹೆಚ್ಚೇ ಹೇಳುತ್ತೇವೆ. ಕೆಲವರು ಬೇರೆ ಗ್ಯಾರೇಜಿಗೆ ಹೋದರು. ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸು ನಮಗಿಲ್ಲ, ಬೇಜಾರಾಯಿತು. ಹೆಮ್ಮೆಯ ವಿಷಯವೂ ಸುಳ್ಳಲ್ಲ. ಹೊಸದಾಗಿ ಸೇರಿದವರಿಗೆ ಬ್ಯಾರೆಲು ತೋರಿಸುವುದು ಈಗ ದಂಡ ತೆತ್ತ ಆ ಹುಡುಗನೇ. ತೋರಿಸುವಾಗ ಅವನ ದನಿ ಸ್ವಲ್ಪ ದಪ್ಪವಾಗುತ್ತದೆ.

ಬಾವಿ ಮಾತ್ರ ಅಷ್ಟು ಸುಲಭದಲ್ಲಿ ಸುಧಾರಿಸಲಿಲ್ಲ. ಮೇಲೆ ತೇಲುವ ಆಯಿಲನ್ನು ಬನಿಯನ್ ಬಟ್ಟೆಯಿಂದ ಹೀರಿ ಹೀರಿ ತೆಗೆದೆವು. ಎರಡು ಸಲ ಮೋಟಾರು ಇಟ್ಟು ನೀರು ಖಾಲಿ ಮಾಡಿಸಿ ಹೂಳೆತ್ತಿಸಿದೆವು. ಹಾಗೆ ಖಾಲಿ ಮಾಡಿದ ನೀರು ಹೋದದ್ದು ಅದೇ ಚರಂಡಿಗೆ, ಅಲ್ಲಿಂದ ಕೆರೆಗೆ. ಬೇರೆ ದಾರಿ ನಮಗೆ ಹೊಳೆಯಲಿಲ್ಲ. ಮೂವತ್ತು ವರ್ಷ ಆಯಿಲ್ ಕುಡಿದ ಮಣ್ಣು ಗೋಡೆಯ ಬುಡದಲ್ಲಿ ಹಾಗೇ ಇದೆ, ಒಂದಾಳು ಆಳ ಅಗೆಸಿದರೂ ಕಪ್ಪೇ ಬಂತು. ಪ್ರತಿ ಮಳೆಗೂ ಅದು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಅಜ್ಜಿಯ ಮನೆಗೆ ನಲ್ಲಿ ಹಾಕಿಸಿದ ಖರ್ಚು ನಾವೇ ಕೊಟ್ಟೆವು. ‘ಕೊಡದಿದ್ರೂ ಕೇಳಿ ಇಸ್ಕೊಳ್ತಿದ್ದೆ’ ಎಂದರು. ನಲ್ಲಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬ ಅವರ ದೂರು ಇನ್ನೂ ನಿಂತಿಲ್ಲ.

ಮೊದಲ ಮಳೆ ಬಿದ್ದ ಮಾರನೆಯ ದಿನ ಬಾವಿ ನೋಡಲು ಹೋಗುವುದು ಈಗ ವಾಡಿಕೆಯಾಗಿದೆ. ಈ ವರ್ಷವೂ ಹೋದೆವು. ಚಾಚಾ ಚಪ್ಪಲಿ ಕಳಚಿಟ್ಟು ಕಟ್ಟೆ ಹತ್ತಿ, ಬಕೆಟ್ಟು ಇಳಿಸಿ ಸೇದಿದರು. ನೀರು ತಿಳಿಯಾಗಿತ್ತು, ಬಣ್ಣಗಳು ಕಾಣಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಚಾಚಾ ಬೊಗಸೆಯಲ್ಲಿ ನೀರು ತೆಗೆದು ಮೂಸಿದರು. ನಲವತ್ತು ವರ್ಷ ಪೆಟ್ರೋಲಿನ ನಡುವೆ ಕಳೆದ ಮೂಗು ಅದು, ಏನೂ ಹತ್ತುವುದಿಲ್ಲ. ಬಕೆಟ್ಟನ್ನು ಹುಡುಗನ ಕಡೆ ಸರಿಸಿದರು. ಅವನು ಬಗ್ಗಿ ಮೂಸಿದ, ಇನ್ನೊಮ್ಮೆ ಮೂಸಿದ, ಅಜ್ಜಿಯ ಕಡೆ ನೋಡಿದ.

‘ಇನ್ನೂ ಸ್ವಲ್ಪ ಇದೆ ಚಾಚಾ’ ಎಂದ.